ಪತ್ತನಾಜೆಗೆ ಮೊದಲು ಮನೆಗೊಂದು ಸ್ಕ್ಯಾನರ್

ಸ್ಕ್ಯಾನರ್ ತೆಗೆದುಕೊಳ್ಳುವ ಯೋಚನೆಯಿರುವವರು ನನ್ನ ಹತ್ತಿರ ಬಂದು ಮೊದಲು ಕೇಳುವುದು, “ಅಕ್ಕಾ, ಎಷ್ಟು ಡಿಪಿಐಯದ್ದು ತೆಗೊಂಡ್ರೆ ಒಳ್ಳೆಯದು?” ಎಂದು. ನಾನು ತಿರುಗಿ ಕೇಳುವುದು, “ನಿಮ್ಮ ಮನೆಯ ಕಪಾಟಿನಲ್ಲಿ ಏನೆಲ್ಲ ಉಂಟು?” ಎಂದು. ಡಬ್ಬಿಯ ಮೇಲೆ ಅಚ್ಚು ಹಾಕಿದ ಅಂಕಿ ನೋಡಿ ಕೊಂಡವರಿಗೆ ಆಮೇಲೆ ಬೇಸರವಾದದ್ದನ್ನು ಕಂಡಿದ್ದೇನೆ. ಕಪಾಟು ನೋಡಿ ಕೊಂಡವರಿಗೆ ಹಾಗಾಗುವುದು ಕಡಿಮೆ.

ಪುತ್ತೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವವಳು ನಾನು. ಮದುವೆ ಕಾಗದ, ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ತರವಾಡು ಮನೆಗಳ ಕುಟುಂಬ ಚರಿತ್ರೆ, ಶಾಲೆಗಳ ಶತಮಾನೋತ್ಸವದ ಪುಸ್ತಕ, ಇವನ್ನೆಲ್ಲ ಟೈಪು ಮಾಡಿ ಪುಟ ಕಟ್ಟಿ ಪ್ರೆಸ್ಸಿಗೆ ಕಳುಹಿಸುವುದು ಕಸುಬು. ಹಾಗಾಗಿ ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನ ಮನೆಗಳ ಹಳೆಯ ಫೋಟೋ, ಕಾಗದಪತ್ರ ನನ್ನ ಮೇಜಿನ ಮೇಲೆ ಬಂದು ಹೋಗುತ್ತವೆ. ಏನೇನು ಬರುತ್ತದೆ ಎಂದು ಹೇಳಿದರೆ ನಿಮ್ಮ ಕಪಾಟೂ ನೆನಪಾದೀತು. ಮದ್ರಾಸು ಸರಕಾರದ ಕಾಲದ ಸ್ಟಾಂಪ್ ಪೇಪರಿನಲ್ಲಿ ಬರೆದ ಮೂಲಗೇಣಿ ಚೀಟು. 1956ರ ತನಕ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತಲ್ಲ, ಆ ಹಿಂದಿನದ್ದೆಲ್ಲ ಅಲ್ಲಿಯ ಮುದ್ರೆಯದೇ. 1974ರ ಭೂಸುಧಾರಣೆಯ ನಂತರ ಒಕ್ಕಲಾಗಿದ್ದವರು ಹಾಕಿದ ಡಿಕ್ಲರೇಶನ್, ಅಂದರೆ ನಮೂನೆ 7ರ ಪ್ರತಿ, ಭೂ ನ್ಯಾಯಮಂಡಳಿಯ ಆದೇಶ, ಕೊನೆಗೆ ಕೈಗೆ ಬಂದ ಹಕ್ಕುಪತ್ರ, ಅಂದರೆ ನಮೂನೆ 10. ಮುಂಬಯಿಯ ಹೋಟೆಲಿನಲ್ಲಿದ್ದ ದೊಡ್ಡಪ್ಪ ಬರೆದ ಇನ್‌ಲ್ಯಾಂಡ್ ಲೆಟರು. ಕೈಬರಹದ ಯಕ್ಷಗಾನ ಪ್ರಸಂಗ. 1988ರಲ್ಲಿ ಪುತ್ತೂರಿನಿಂದ ಶುರುವಾದ ‘ಅಡಿಕೆ ಪತ್ರಿಕೆ’ಯ ಮೊದಮೊದಲ ಸಂಚಿಕೆ. ಮತ್ತೆ ಫೋಟೋ: ಕಪ್ಪು ಹಾಳೆಯ ಆಲ್ಬಮ್ಮಿನಲ್ಲಿ ಮೂಲೆ ಸಿಕ್ಕಿಸಿದ್ದು, ಚಾವಡಿಯ ಗೋಡೆಯಲ್ಲಿ ಚೌಕಟ್ಟಿನೊಳಗೆ ಇರುವುದು, ಪಾಸ್‌ಪೋರ್ಟ್ ಗಾತ್ರದ್ದು ಒಂದೇ ಒಂದು ಉಳಿದಿರುವುದು.

ಇವುಗಳನ್ನು ನನ್ನಂಥವರ ಅಂಗಡಿಗೆ ತರುವುದಕ್ಕಿಂತ ಮನೆಯಲ್ಲೇ ಸ್ಕ್ಯಾನ್ ಮಾಡಿಕೊಳ್ಳುವುದು ಲೇಸು ಎಂದು ನಾನು ಹೇಳುತ್ತ ಬಂದಿದ್ದೇನೆ. ಅದರಿಂದ ನನ್ನ ವ್ಯಾಪಾರಕ್ಕೆ ನಷ್ಟವಾದರೂ ಅಡ್ಡಿಯಿಲ್ಲ. ಸಂಚಿಕೆಗೆಂದು ಒಯ್ದ ಫೋಟೋ ತಿರುಗಿ ಬರಲಿಲ್ಲ ಎಂಬ ಸಂಕಟ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಉಂಟು. ಕೈಯಿಂದ ಕೈಗೆ ದಾಟುವಾಗ ಯಾರದೂ ತಪ್ಪಿಲ್ಲದೆಯೂ ವಸ್ತು ಕಳೆದುಹೋಗುತ್ತದೆ. ಮನೆಯಲ್ಲೊಂದು ಸ್ಕ್ಯಾನರ್ ಇದ್ದರೆ ಮೂಲಪ್ರತಿ ಹೊಸ್ತಿಲು ದಾಟಬೇಕಾಗಿಲ್ಲ. ಕೇಳಿದವರಿಗೆ ಫೈಲು ಕಳುಹಿಸಿದರಾಯಿತು.

ಫೋಟೋವನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಶುರುವಾದದ್ದೂ ಮನೆಯ ಫೋಟೋದಿಂದಲೇ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬ ಎಂಜಿನಿಯರ್ ತನ್ನ ಮೂರು ತಿಂಗಳ ಮಗನ ಫೋಟೋವನ್ನು ತಿರುಗುವ ಉರುಳೆಗೆ ಸುತ್ತಿ ಸ್ಕ್ಯಾನ್ ಮಾಡಿದ. ಅದರಲ್ಲಿ ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕೆ, ಅಷ್ಟೆ. ಗಾಜಿನ ಮೇಲೆ ಹಾಳೆ ಮಗುಚಿಡುವ ಈಗಿನ ಮಾದರಿ ಬಂದದ್ದು 1970ರ ದಶಕದಲ್ಲಿ. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ಯಂತ್ರ ಮಾಡಹೊರಟ ರೇ ಕುರ್ಜ್‌ವೈಲ್‌ನ ತಂಡ ಅದನ್ನು ಕಟ್ಟಿತು. ಆ ಯಂತ್ರ 1976ರಲ್ಲಿ ಜನರೆದುರು ಬಂತು.

ಈಗ ಅಂಗಡಿಯಲ್ಲಿ ಸಿಗುವ ಗಾಜಿನ ಸ್ಕ್ಯಾನರುಗಳಲ್ಲಿ ಜಾತಿ ಎರಡು. ಇದೊಂದನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಒಂದು ಸಿಐಎಸ್. ಇದರಲ್ಲಿ ಗಾಜಿನ ಕೆಳಗೆ, ಹಾಳೆಯಷ್ಟೇ ಅಗಲಕ್ಕೆ, ಬೆಳಕು ಗ್ರಹಿಸುವ ಕಣಗಳ ಒಂದು ಸಾಲು ಇರುತ್ತದೆ. ಜೊತೆಗೆ ಕೆಂಪು, ಹಸಿರು, ನೀಲಿ ಎಲ್‌ಇಡಿ ದೀಪ. ಈ ಪಟ್ಟಿ ಗಾಜಿಗೆ ತಾಗಿದಂತೆ ಮೇಲಿನಿಂದ ಕೆಳಗೆ ಸಾಗುತ್ತದೆ. ಕನ್ನಡಿ, ದೊಡ್ಡ ಮಸೂರದ ಗೊಡವೆ ಇಲ್ಲದ್ದರಿಂದ ಯಂತ್ರ ತೆಳ್ಳಗೆ, ಹಗುರ. ಯುಎಸ್‌ಬಿ ವಯರಿನಿಂದಲೇ ಅದಕ್ಕೆ ಬೇಕಾದಷ್ಟು ವಿದ್ಯುತ್ ಸಿಗುತ್ತದೆ, ಬೇರೆ ಪ್ಲಗ್ ಬೇಡ. ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಕೆಲಸ ಮುಂದುವರಿಯುತ್ತದೆ. ನಮ್ಮ ಹಳ್ಳಿಗಳಿಗೆ ಇದು ಸಣ್ಣ ಅನುಕೂಲವಲ್ಲ. ಕ್ಯಾನನ್ ಕಂಪೆನಿಯ ಲೈಡ್ 300, ಲೈಡ್ 400, ಎಪ್ಸನ್ ಕಂಪೆನಿಯ ಪರ್ಫೆಕ್ಷನ್ ವಿ39 ಈ ಜಾತಿಯವು. ಬೆಲೆ ಸುಮಾರಾಗಿ ಹತ್ತು ಸಾವಿರ ರೂಪಾಯಿಯ ಆಸುಪಾಸು ಅಥವಾ ಅದಕ್ಕೂ ಕಡಿಮೆ.

ಇನ್ನೊಂದು ಸಿಸಿಡಿ. ಹಾಳೆಯ ಬಿಂಬವನ್ನು ಕನ್ನಡಿಗಳಿಂದ ಮಡಚಿ, ಮಸೂರದ ಮೂಲಕ ಹಾಯಿಸಿ ಒಂದು ಸಣ್ಣ ಸಂವೇದಕದ ಮೇಲೆ ಬೀಳಿಸುವ ಕ್ರಮ. ಈ ಸಂವೇದಕವನ್ನು 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್, ಜಾರ್ಜ್ ಸ್ಮಿತ್ ಕಂಡುಹಿಡಿದರು. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಬಂತು. ಯಂತ್ರ ದಪ್ಪ, ಭಾರ, ಪ್ರತ್ಯೇಕ ಅಡಾಪ್ಟರ್ ಬೇಕು, ಬೆಲೆಯೂ ಮೂರು ನಾಲ್ಕು ಪಾಲು ಹೆಚ್ಚು. ಆದರೆ ಅಂಥ ಮಸೂರ ಇರುವುದರಿಂದ ಗಾಜಿನಿಂದ ಕೆಲವು ಮಿಲಿಮೀಟರ್ ಮೇಲಿರುವುದೂ ಸ್ಪಷ್ಟವಾಗಿ ಕಾಣುತ್ತದೆ. ಸಿಐಎಸ್‌ಗೆ ಆ ಶಕ್ತಿಯಿಲ್ಲ. ಹಾಳೆ ಗಾಜಿಗೆ ಅಂಟಿ ಕೂತರೆ ಮಾತ್ರ ಅದರ ಚಿತ್ರ ಚೊಕ್ಕ, ಒಂದು ಮಿಲಿಮೀಟರ್ ಮೇಲೆದ್ದರೆ ಮಸುಕು.

ಈ ವ್ಯತ್ಯಾಸ ನಮ್ಮ ಊರಿನಲ್ಲಿ ಯಾಕೆ ಮುಖ್ಯ ಎಂಬುದನ್ನು ಬೆಳ್ಳಾರೆ ಕಡೆಯ ಮನೆಯೊಂದರಿಂದ ಬಂದ ಫೋಟೋ ಹೇಳುತ್ತದೆ. ಮದುವೆಯ ಗುಂಪುಚಿತ್ರ. ಹಲಸಿನ ಮರದ ಚೌಕಟ್ಟು, ಹಿಂದೆ ಒರಲೆ ತಿಂದ ರಟ್ಟು. ತಂದವರು ಹೇಳಿದರು, “ಅಕ್ಕಾ, ಅಜ್ಜಿಯದ್ದು ಅಂತ ಇರುವುದು ಇದೊಂದೇ. ಗಾಜಿಗೆ ಹಿಡಿದುಬಿಟ್ಟಿದೆ. ಎಳೆದರೆ ಬರ್ತದಾ?” ಚೌಕಟ್ಟನ್ನು ವಾಲಿಸಿ ಬೆಳಕಿಗೆ ಹಿಡಿದರೆ ಫೋಟೋದ ಬಲಗಡೆ ಪೂರ್ತಿ ಒದ್ದೆ ಬಟ್ಟೆಯ ಕಲೆಯಂತೆ ಕಪ್ಪಗೆ ಕಾಣುತ್ತಿತ್ತು. ಅಷ್ಟು ಜಾಗ ಗಾಜಿಗೆ ಅಂಟಿದೆ ಎಂದರ್ಥ. ಹಳೆಯ ಫೋಟೋಗಳ ಮೇಲ್ಪದರ ಜೆಲಟಿನ್. ಮಳೆಗಾಲದ ತೇವ ಹೀರಿ ಅದು ಮೆತ್ತಗಾಗುತ್ತದೆ, ಒತ್ತಿಕೊಂಡಿರುವ ಗಾಜಿಗೆ ಹಿಡಿಯುತ್ತದೆ, ಬೇಸಿಗೆಯಲ್ಲಿ ಹಾಗೆಯೇ ಒಣಗುತ್ತದೆ. ಎಳೆದರೆ ಬರುವುದು ಬರಿಯ ಕಾಗದ. ಮುಖಗಳು ಗಾಜಿನ ಮೇಲೆ ಉಳಿಯುತ್ತವೆ.

ಎಳೆಯಲಿಲ್ಲ. ಹಿಂದಿನ ಮೊಳೆ ಕಿತ್ತು, ರಟ್ಟು ತೆಗೆದು, ಗಾಜು ಮತ್ತು ಫೋಟೋವನ್ನು ಒಟ್ಟಿಗೇ ಚೌಕಟ್ಟಿನಿಂದ ಬಿಡಿಸಿದೆವು. ಗಾಜಿನ ಹೊರಮೈಯನ್ನು ಮಾತ್ರ ಒರೆಸಿ ಸಿಸಿಡಿ ಸ್ಕ್ಯಾನರಿನ ಮೇಲೆ ಮಗುಚಿಟ್ಟೆವು. ಎರಡು ಮಿಲಿಮೀಟರ್ ಗಾಜಿನ ಆಚೆಯಿಂದಲೂ ಅಜ್ಜಿಯ ಕಿವಿಯ ಬೆಂಡೋಲೆಯ ಕೆತ್ತನೆ ಎಣಿಸುವಷ್ಟು ಸ್ಪಷ್ಟ ಬಂತು. ಅದನ್ನೇ ಸಿಐಎಸ್ ಯಂತ್ರದಲ್ಲಿ ಇಟ್ಟರೆ ಮುಖಗಳೇ ಮಂಜಿನೊಳಗೆ ಹೋಗುತ್ತಿದ್ದವು. ಹೀಗಾಗಿ ನಿಮ್ಮ ಮನೆಯಲ್ಲಿ ಗಾಜಿಗೆ ಅಂಟಿದ ಫೋಟೋ, ಸುರುಳಿ ಸುತ್ತಿಕೊಂಡು ಸಪಾಟು ಕೂರದ ಫೋಟೋ, ದಪ್ಪ ರಟ್ಟಿನ ಆಲ್ಬಮ್, ನೆಗೆಟಿವ್ ಪಟ್ಟಿಗಳು ಬಹಳವಿದ್ದರೆ ಸಿಸಿಡಿ ಬೇಕು. ಎಪ್ಸನ್ ವಿ600 ಅಂಥದ್ದು, ನೆಗೆಟಿವ್ ಹಿಡಿಯುವ ವ್ಯವಸ್ಥೆಯೂ ಅದರ ಮುಚ್ಚಳದಲ್ಲೇ ಇದೆ. ಬರಿಯ ಕಾಗದಪತ್ರ, ಬಿಡಿ ಫೋಟೋ ಮಾತ್ರ ಇದ್ದರೆ ಸಿಐಎಸ್ ಧಾರಾಳ ಸಾಕು. ಒಂದೆರಡು ಚೌಕಟ್ಟಿನ ಫೋಟೋಕ್ಕೋಸ್ಕರ ಮೂವತ್ತು ಸಾವಿರ ಹಾಕಬೇಡಿ, ಅವನ್ನು ಮಾತ್ರ ಸಿಸಿಡಿ ಇರುವ ಸ್ಟುಡಿಯೋಕ್ಕೆ ಒಯ್ದು ಎದುರಿಗೇ ನಿಂತು ಮಾಡಿಸಿಕೊಳ್ಳಿ.

ಮನೆಯಲ್ಲಿ ಆಲ್‌ ಇನ್‌ ಒನ್ ಪ್ರಿಂಟರ್ ಇದ್ದರೆ ಮುಚ್ಚಳ ಎತ್ತಿ ನೋಡಿ. ಅದರಲ್ಲಿರುವುದೂ ಸಾಮಾನ್ಯವಾಗಿ ಸಿಐಎಸ್ ಸ್ಕ್ಯಾನರೇ. ಕಾಗದಪತ್ರಕ್ಕೆ ಅದು ಸಾಲುತ್ತದೆ, ಹೊಸದು ಬೇಡ.

ಇನ್ನು ಡಿಪಿಐ. ಒಂದು ಇಂಚು ಉದ್ದದಲ್ಲಿ ಯಂತ್ರ ಎಷ್ಟು ಚುಕ್ಕೆ ಗುರುತಿಸುತ್ತದೆ ಎಂಬ ಲೆಕ್ಕ ಅದು. ಡಬ್ಬಿಯ ಮೇಲೆ 4800 ಎಂದೋ ಅದಕ್ಕೂ ದೊಡ್ಡ ಅಂಕಿಯೋ ಇರುತ್ತದೆ. ಅದರಲ್ಲಿ ಆಪ್ಟಿಕಲ್ ಎಂದು ಬರೆದ ಅಂಕಿಯನ್ನು ಮಾತ್ರ ಗಣನೆಗೆ ತೆಗೆದುಕೊಳ್ಳಿ. ಇಂಟರ್‌ಪೊಲೇಟೆಡ್ ಎಂದು ಬರೆದದ್ದು ಸಾಫ್ಟ್‌ವೇರ್ ಊಹೆಯಿಂದ ತುಂಬಿಸಿದ ಚುಕ್ಕೆಗಳ ಲೆಕ್ಕ. ಮತ್ತೆ, ಮನೆಯ ಕೆಲಸದಲ್ಲಿ ಆ 4800ರ ಹತ್ತಿರ ಹೋಗುವ ಪ್ರಮೇಯವೇ ಇಲ್ಲ. ಒಂದು ಎ4 ಹಾಳೆಯನ್ನು 300 ಡಿಪಿಐಯಲ್ಲಿ ತೆಗೆದರೆ 2480ಕ್ಕೆ 3508 ಚುಕ್ಕೆ, ಒಟ್ಟು ಸುಮಾರು 87 ಲಕ್ಷ. ಒತ್ತಿ ಚಿಕ್ಕದು ಮಾಡದೆ ಇಟ್ಟರೆ ಬಣ್ಣದ ಫೈಲು 26 ಎಂಬಿ. 600ರಲ್ಲಿ ತೆಗೆದರೆ ಎರಡು ಪಾಲಲ್ಲ, ನಾಲ್ಕು ಪಾಲು, 104 ಎಂಬಿ. 1200ರಲ್ಲಿ 400 ಎಂಬಿ ದಾಟುತ್ತದೆ. ಕಾಗದಪತ್ರಕ್ಕೆ 300 ಸಾಕು, ಅಕ್ಷರ ತೀರಾ ಸಣ್ಣದಾಗಿದ್ದರೆ 400. ಪೋಸ್ಟ್‌ಕಾರ್ಡ್ ಗಾತ್ರದ ಫೋಟೋಕ್ಕೆ 600. ಎರಡಕ್ಕೆ ಮೂರು ಇಂಚಿನ ಫೋಟೋ 600ರಲ್ಲಿ 1200ಕ್ಕೆ 1800 ಚುಕ್ಕೆಯಾಗುತ್ತದೆ, ಅದನ್ನು ನಾಲ್ಕಕ್ಕೆ ಆರು ಇಂಚಿಗೆ ದೊಡ್ಡದು ಮಾಡಿ ಅಚ್ಚು ಹಾಕಿದರೂ ಚೆನ್ನಾಗಿರುತ್ತದೆ.

1200 ಬೇಕಾಗುವುದು ಪಾಸ್‌ಪೋರ್ಟ್ ಫೋಟೋಕ್ಕೆ. ಮನೆಯ ಹಿರಿಯರು ತೀರಿಕೊಂಡಾಗ ಹುಡುಕಿದರೆ ಸಿಗುವುದು ಸೊಸೈಟಿಯ ಪಾಸ್‌ಬುಕ್ಕಿನದೋ ರೇಷನ್ ಕಾರ್ಡಿನದೋ ಒಂದು ಸಣ್ಣ ಚಿತ್ರ. ಉತ್ತರಕ್ರಿಯೆಯ ದಿನಕ್ಕೆ ಅದನ್ನು ದೊಡ್ಡದು ಮಾಡಿಸಬೇಕು ಎಂದು ಓಡಿಬರುತ್ತಾರೆ. ಮೂರೂವರೆಗೆ ನಾಲ್ಕೂವರೆ ಸೆಂಟಿಮೀಟರಿನ ಆ ಚಿತ್ರ 300ರಲ್ಲಿ ತೆಗೆದರೆ ಏನೂ ಉಳಿಯುವುದಿಲ್ಲ. 1200ರಲ್ಲಿ ತೆಗೆದರೆ ಐದೂವರೆಗೆ ಏಳು ಇಂಚಿನಷ್ಟು ದೊಡ್ಡ ಪ್ರತಿ ತೆಗೆಯಬಹುದು. ಮೇಲೆ ಮುದ್ರೆಯ ಶಾಯಿ ಬಿದ್ದಿದ್ದರೆ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಶಾಯಿಯ ನೇರಳೆ ಬಣ್ಣ ಬೇರೆಯಾಗಿ ಸಿಕ್ಕಿದರೆ ಆಮೇಲೆ ತೆಗೆಯುವುದು ಸುಲಭ.

ಬಣ್ಣದ ಮಾತು ಕಾಗದಪತ್ರಕ್ಕೂ ಸಲ್ಲುತ್ತದೆ. ಹಳೆಯ ದಾಖಲೆ ಹೇಗೂ ಕಪ್ಪುಬಿಳುಪು ಎಂದು ‘ಬ್ಲ್ಯಾಕ್ ಆ್ಯಂಡ್ ವೈಟ್’ ಒತ್ತಿಬಿಡುತ್ತಾರೆ. ಆಗ ಯಂತ್ರ ಪ್ರತಿ ಚುಕ್ಕೆಯನ್ನೂ ಒಂದೋ ಕಪ್ಪು, ಇಲ್ಲವೇ ಬಿಳಿ ಎಂದು ತೀರ್ಮಾನಿಸುತ್ತದೆ. ಮಾಸಿದ ಸಹಿ ಬಿಳಿಯ ಪಾಲಾಗುತ್ತದೆ, ತೇವದ ಕಲೆ ಕಪ್ಪಾಗಿ ಅಕ್ಷರ ನುಂಗುತ್ತದೆ. ಕಚೇರಿಯ ಮುದ್ರೆ ನೇರಳೆ, ಶಾನುಭಾಗರ ತಿದ್ದುಪಡಿ ಕೆಂಪು, ಇವೆಲ್ಲ ಉಳಿಯಬೇಕಾದರೆ 24 ಬಿಟ್ ಬಣ್ಣವೇ ಬೇಕು. ಹಾಳೆ ತೆಳ್ಳಗಿದ್ದು ಹಿಂಬದಿಯ ಬರಹ ಮುಂದೆ ಮೂಡುತ್ತದೆಯೆಂದರೆ ಅದರ ಬೆನ್ನಿಗೆ ಒಂದು ಕಪ್ಪು ಡ್ರಾಯಿಂಗ್ ಶೀಟ್ ಇಟ್ಟು ಮುಚ್ಚಳ ಹಾಕಿ. ಸ್ಕ್ಯಾನರಿನ ಮುಚ್ಚಳದ ಒಳಮೈ ಬಿಳಿ. ಹಾಳೆಯನ್ನು ತೂರಿಹೋದ ಬೆಳಕು ಅದಕ್ಕೆ ಬಡಿದು ಹಿಂತಿರುಗುವಾಗ ಹಿಂಬದಿಯ ಅಕ್ಷರವನ್ನೂ ಹೊತ್ತು ತರುತ್ತದೆ. ಕಪ್ಪು ಹಾಳೆ ಆ ಬೆಳಕನ್ನು ನುಂಗುತ್ತದೆ. ಚಿತ್ರ ಸ್ವಲ್ಪ ಮಬ್ಬಾದರೂ ಅಕ್ಷರದ ಗೊಂದಲ ಹೋಗುತ್ತದೆ. ಇನ್‌ಲ್ಯಾಂಡ್ ಲೆಟರುಗಳಿಗೆ ಇದು ಬಹಳ ಉಪಕಾರಿ.

ಕೊಳ್ಳುವಾಗ ಯಾರೂ ಹೇಳದ ಸಂಗತಿಯೊಂದಿದೆ. ಮನೆಬಳಕೆಯ ಸ್ಕ್ಯಾನರಿನ ಗಾಜು ಎ4 ಅಳತೆಯದು, ಉದ್ದ 297 ಮಿಲಿಮೀಟರ್, ಅಂದರೆ ಹನ್ನೆರಡು ಇಂಚಿಗೂ ಸ್ವಲ್ಪ ಕಡಿಮೆ. ನಮ್ಮ ಹಳೆಯ ಸ್ಟಾಂಪ್ ಪೇಪರು ಮತ್ತು ಕೋರ್ಟಿನ ಹಸಿರು ಹಾಳೆ ಲೀಗಲ್ ಅಳತೆಯವು, ಎ4ಗಿಂತ ಉದ್ದ. ಪೂರ್ತಿ ಕ್ರಯಪತ್ರ ಒಂದೇ ಸಲಕ್ಕೆ ಗಾಜಿನ ಮೇಲೆ ಹಿಡಿಯುವುದಿಲ್ಲ. ಕೆಳಗಿನ ಸಹಿ ಸಾಲು ಹೊರಗುಳಿಯುತ್ತದೆ. ಇದಕ್ಕೆಂದು ದೊಡ್ಡ ಎ3 ಯಂತ್ರ ಕೊಳ್ಳಬೇಕಿಲ್ಲ. ಹಾಳೆಯನ್ನು ಮಡಚದೆ ಮೇಲರ್ಧ ಒಂದು ಸಲ, ತಿರುಗಿಸಿ ಕೆಳಗಿನರ್ಧ ಇನ್ನೊಂದು ಸಲ ತೆಗೆಯಿರಿ. ನಡುವಿನ ನಾಲ್ಕೈದು ಸಾಲು ಎರಡರಲ್ಲೂ ಬರಲಿ, ಆಗ ಜೋಡಿಸುವುದು ಸುಲಭ. ಹಾಗೆ ಮಾಡುವಾಗ ಮುಚ್ಚಳದ ಅಂಚಿಗೆ ಸಿಕ್ಕಿ ಹಾಳೆ ಮುರಿಯದಂತೆ ಮುಚ್ಚಳವನ್ನು ಪೂರ್ತಿ ಎತ್ತಿಟ್ಟು, ಮೇಲೊಂದು ದಪ್ಪ ರಟ್ಟು ಇಡುವುದು ಕ್ಷೇಮ. ಹಳೆಯ ಹಾಳೆ ಮಡಿಕೆಯ ಜಾಗದಲ್ಲೇ ತುಂಡಾಗುವುದು. ಮುಚ್ಚಳ ತೆಗೆಯಲು ಬರುವ ಮಾದರಿಯೋ ಅಲ್ಲವೋ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ಮೊಬೈಲಿನಲ್ಲಿ ಆಗುವುದಿಲ್ಲವಾ ಎಂದು ಮಕ್ಕಳು ಕೇಳುತ್ತಾರೆ. ಬಿಲ್ಲು, ರಶೀದಿ, ಅರ್ಜಿಗೆ ಲಗತ್ತಿಸುವ ಪ್ರತಿ, ಇವಕ್ಕೆ ಮೊಬೈಲೇ ಸಾಕು. ಜಾಗದ ಆಳೆತ್ತರದ ನಕ್ಷೆಗೂ ಅದೇ ಸರಿ. ದಪ್ಪ ಪುಸ್ತಕಕ್ಕಂತೂ ಸ್ಕ್ಯಾನರ್ ಬೇಡವೇ ಬೇಡ. ಗಾಜಿಗೆ ಒತ್ತುವ ಭರದಲ್ಲಿ ಬೆನ್ನು ಬಿರಿದು ಹೊಲಿಗೆ ಬಿಡುತ್ತದೆ. ಪುಸ್ತಕಗಳನ್ನು ರಾಶಿಗಟ್ಟಲೆ ಸ್ಕ್ಯಾನ್ ಮಾಡುವವರೂ ಅರ್ಧ ತೆರೆದ ಪುಸ್ತಕದ ಮೇಲೆ ಕ್ಯಾಮರಾ ನಿಲ್ಲಿಸಿಯೇ ಮಾಡುವುದು. ಓಲೆಗರಿಯನ್ನೂ ಗಾಜಿನ ಮೇಲೆ ಒತ್ತಬೇಡಿ, ಅದು ಸೀಳುತ್ತದೆ. ಮನೆಯಲ್ಲಿ ಓಲೆಯ ಕಟ್ಟು ಇದ್ದರೆ ಬಿಚ್ಚುವ ಮೊದಲು ಬಲ್ಲವರನ್ನು ಕೇಳಿ. ಧರ್ಮಸ್ಥಳದಲ್ಲಿ ಓಲೆಗರಿಗಳ ದೊಡ್ಡ ಸಂಗ್ರಹವೇ ಇದೆ. ಫೋಟೋ ವಿಷಯದಲ್ಲಿ ಮಾತ್ರ ಮೊಬೈಲು ಸ್ಕ್ಯಾನರಿಗೆ ಸಮ ಬರುವುದಿಲ್ಲ. ಕಿಟಕಿಯ ಬೆಳಕು ಒಂದು ಬದಿಗೆ ಹೆಚ್ಚು ಬೀಳುತ್ತದೆ, ಹೊಳಪಿನ ಫೋಟೋದಲ್ಲಿ ತೆಗೆಯುವವರ ಕೈಯ ನೆರಳೇ ಕಾಣುತ್ತದೆ, ಅಂಚುಗಳು ಬಾಗುತ್ತವೆ.

ಸ್ಕ್ಯಾನ್ ಮಾಡಿದ ಫೈಲಿಗೆ ಯಂತ್ರ ತಾನೇ ‘ಇಮೇಜ್ 0047’ ಎಂಬಂಥ ಹೆಸರು ಕೊಡುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಹತ್ತು ವರ್ಷದ ಮೇಲೆ ಆ ಫೈಲು ಇದ್ದೂ ಇಲ್ಲದ ಹಾಗೆ. ಇಸವಿ, ಊರು, ಸಂದರ್ಭ, ಎಡದಿಂದ ಬಲಕ್ಕೆ ಯಾರು ಯಾರು, ಇಷ್ಟನ್ನು ಅಂದೇ ಬರೆದಿಡಬೇಕು. ಇಸವಿ ಮೊದಲು ಬರಲಿ, ಆಗ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ಕೂರುತ್ತವೆ. ಊರಿನ ಹೆಸರು ಬರೆಯುವಾಗ ನಮ್ಮ ತಾಲೂಕುಗಳ ಕಥೆ ನೆನಪಿರಲಿ. ಬಹಳ ಹಳೆಯ ಕಾಗದದಲ್ಲಿ ಉಪ್ಪಿನಂಗಡಿ ತಾಲೂಕು ಎಂದಿರುತ್ತದೆ, ಆಮೇಲಿನದರಲ್ಲಿ ಪುತ್ತೂರು ತಾಲೂಕು, ಸುಳ್ಯ ಬೇರೆಯಾದ ಮೇಲೆ ಸುಳ್ಯ, ಈಗ ಅದೇ ಜಾಗ ಕಡಬಕ್ಕೆ ಸೇರಿರಬಹುದು. ಗ್ರಾಮದ ಹೆಸರು ಮಾತ್ರ ಬದಲಾಗದೆ ನಿಂತಿದೆ. ಆದ್ದರಿಂದ ಗ್ರಾಮದ ಹೆಸರಿನಲ್ಲೇ ಗುರುತಿಟ್ಟು, ಕಾಗದದಲ್ಲಿದ್ದ ತಾಲೂಕನ್ನು ಪಕ್ಕದಲ್ಲಿ ಬರೆಯಿರಿ.

ಬೆಳ್ಳಾರೆಯ ಆ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಂತ ಹೆಂಗಸು ಯಾರೆಂದು ಮನೆಯವರಿಗೆ ತಿಳಿದಿರಲಿಲ್ಲ. ಫೈಲನ್ನು ಟಿವಿಗೆ ಹಾಕಿ, ಮೂಲೆಯಲ್ಲಿ ಕೂತಿದ್ದ ಅವರ ದೊಡ್ಡಮ್ಮನಿಗೆ ತೋರಿಸಿದರು. ಕಣ್ಣು ಮಂಜಾದ ಅವರಿಗೆ ಅಂಗೈಯಗಲದ ಮೂಲದಲ್ಲಿ ಮುಖಗಳು ಎಂದೂ ಕಂಡಿರಲಿಲ್ಲ. ಟಿವಿಯ ಪರದೆಯ ಮೇಲೆ ಕಂಡವು. “ಇದು ಪಂಜದ ಅತ್ತೆ ಅಲ್ವಾ. ಆ ಬೆಂಡೋಲೆ ಅವರದ್ದೇ. ಹೆರಿಗೆಯಲ್ಲಿ ಹೋದರು, ಪಾಪ,” ಎಂದರು. ಒಂದು ಹೆಸರು ಸಿಕ್ಕಿತು, ಕುಟುಂಬದ ವಂಶವೃಕ್ಷದಲ್ಲಿ ಖಾಲಿಯಿದ್ದ ಕೊಂಬೆಯೊಂದು ತುಂಬಿತು. ಸ್ಕ್ಯಾನ್ ಮಾಡುವುದಕ್ಕೆ ತುರ್ತು ಇಲ್ಲ ಎನ್ನುವವರಿಗೆ ನಾನು ಹೇಳುವುದು ಇಷ್ಟೆ: ಕಾಗದ ಇನ್ನೂ ಐವತ್ತು ವರ್ಷ ಉಳಿದೀತು, ಹೆಸರು ಬಲ್ಲವರು ಅಷ್ಟು ಕಾಲ ಇರುವುದಿಲ್ಲ. ಫೋಟೋದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಏನಾದರೂ ಬರೆದಿದ್ದರೆ, ಸ್ಟುಡಿಯೋದ ಮುದ್ರೆ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ ಜೊತೆಗೇ ಇಡಿ.

ಮೂಲಪ್ರತಿಯೆಂದು ಇಡುವ ಫೋಟೋ ಫೈಲು ಟಿಫ್ ಆಗಿರಲಿ. ಜೆಪೆಗ್ ಪ್ರತಿ ಸಲ ತಿದ್ದಿ ಉಳಿಸುವಾಗಲೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಹಂಚುವುದಕ್ಕೆ ಜೆಪೆಗ್, ಕಾಗದಪತ್ರಕ್ಕೆ ಪಿಡಿಎಫ್. ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಿಲ್ಲ. ಯಂತ್ರದ ಜೊತೆ ಬರುವುದು ಸಾಲದಿದ್ದರೆ ನ್ಯಾಪ್ಸ್2 ಎಂಬುದು ಉಚಿತ, ಹಲವು ಪುಟ ಸೇರಿಸಿ ಒಂದೇ ಪಿಡಿಎಫ್ ಮಾಡಲು ಬಹಳ ಸಲೀಸು. ಸೆಕೆಂಡ್‌ಹ್ಯಾಂಡ್ ಸ್ಕ್ಯಾನರ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುನ್ನ ನಿಮ್ಮ ವಿಂಡೋಸ್‌ಗೆ ಅದರ ಡ್ರೈವರ್ ಉಂಟೋ ಎಂದು ನೋಡಿ. 32 ಬಿಟ್ ಕಾಲದ ಎಷ್ಟೋ ಗಟ್ಟಿಮುಟ್ಟು ಯಂತ್ರಗಳು ಈಗಿನ ಕಂಪ್ಯೂಟರಿನಲ್ಲಿ ಅಲುಗಾಡುವುದಿಲ್ಲ. ಅವಕ್ಕೆ ಜೀವ ತುಂಬುವ ವ್ಯೂಸ್ಕ್ಯಾನ್ ಎಂಬ ಸಾಫ್ಟ್‌ವೇರ್ ಇದೆ, ಆದರೆ ಅದಕ್ಕೆ ಬೆಲೆ ತೆರಬೇಕು.

ಸ್ಕ್ಯಾನ್ ಮಾಡಿದ ಚಿತ್ರದಿಂದ ಅಕ್ಷರ ಎತ್ತಿಕೊಳ್ಳುವ ಒಸಿಆರ್ ಕನ್ನಡಕ್ಕೂ ಬಂದಿದೆ. ಚಿತ್ರವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕೆಳಗೆ ಪಠ್ಯ ಸಿಗುತ್ತದೆ. ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶವೂ ಕನ್ನಡ ಓದುತ್ತದೆ. ಈಚಿನ ಅಚ್ಚಿನ ಪುಟ 300 ಡಿಪಿಐಯಲ್ಲಿ ನೆಟ್ಟಗೆ ಸ್ಕ್ಯಾನ್ ಆಗಿದ್ದರೆ ಚೆನ್ನಾಗಿಯೇ ಬರುತ್ತದೆ. ಹಳೆಯ ಮೊಳೆ ಜೋಡಿಸಿ ಅಚ್ಚು ಹಾಕಿದ ಪುಸ್ತಕದಲ್ಲಿ ಒತ್ತಕ್ಷರ ತಪ್ಪುತ್ತದೆ, ‘ವು’ ಇದ್ದಲ್ಲಿ ‘ಮ’ ಬರುತ್ತದೆ, ಸೊನ್ನೆ ಹಾರಿಹೋಗುತ್ತದೆ. ಕೈಬರಹದ ಪ್ರಸಂಗಗಳನ್ನು ಕೂತು ಟೈಪು ಮಾಡುವುದೇ ದಾರಿ. ಆ ಕೆಲಸದಲ್ಲಿ ನನಗೆ ಬೇಸರವೇ ಇಲ್ಲ, ತಾಳದ ಲೆಕ್ಕ ಹಾಕುತ್ತ ಬೆರಳು ಓಡುತ್ತದೆ.

ಸ್ಕ್ಯಾನ್ ಮಾಡಿದ್ದನ್ನು ಊರಿಗೆಲ್ಲ ಹಂಚಬಹುದೋ ಎಂಬುದು ಬೇರೆ ಪ್ರಶ್ನೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪುಸ್ತಕ ಈಗ ಯಾರು ಬೇಕಾದರೂ ಸ್ಕ್ಯಾನ್ ಮಾಡಿ ಹಂಚಬಹುದು. ನಮ್ಮ ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಇದ್ದು ಬರೆದ ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ. ಅವರ ಪುಸ್ತಕಗಳಿಗೆ 2057 ಮುಗಿಯುವ ತನಕ ಆ ಹಕ್ಕು ಉಂಟು. ಕಾರಂತರು ನಿಮ್ಮ ಅಜ್ಜನಿಗೆ ಬರೆದ ಕಾರ್ಡು ಕಪಾಟಿನಲ್ಲಿದ್ದರೆ ಕಾಗದ ನಿಮ್ಮದು, ಅದರಲ್ಲಿನ ಬರಹದ ಹಕ್ಕು ಅವರ ವಾರಸುದಾರರದ್ದು. ಜೋಪಾನಕ್ಕೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಪ್ರಕಟಿಸುವ ಮುನ್ನ ಕೇಳಿ. ಹಕ್ಕುದಾರರೇ ಬಾಗಿಲು ತೆರೆದ ಉದಾಹರಣೆಯೂ ನಮ್ಮ ಸೀಮೆಯದೇ. ಈಗಿನ ಕಡಬ ತಾಲೂಕಿಗೆ ಸೇರಿದ, ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ನಿರಂಜನರ 55 ಕೃತಿಗಳನ್ನು 2014ರಲ್ಲಿ ಅವರ ಕುಟುಂಬದವರು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. 1837ರ ಅಮರ ಸುಳ್ಯದ ದಂಗೆಯ ಕಥೆಯಾದ ‘ಕಲ್ಯಾಣಸ್ವಾಮಿ’ ಬರೆದವರು ಅವರೇ. ಸುಳ್ಯದ ಮಗುವೊಂದು ಇವತ್ತು ದುಡ್ಡು ಕೊಡದೆ ನಿರಂಜನರನ್ನು ಓದಲು ದಾರಿಯಾಯಿತು. ಇದಕ್ಕಾಗಿ ಆ ಮನೆಯವರ ಬಗ್ಗೆ ನನಗೆ ಬಹಳ ಗೌರವ.

ಇನ್ನು ನಮ್ಮ ಹವೆ. ಇಲ್ಲಿ ಈ ಕೆಲಸಕ್ಕೆ ಒಳ್ಳೆಯ ಕಾಲ ಡಿಸೆಂಬರಿನಿಂದ ಮೇ ತಿಂಗಳ ತನಕ. ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಸ್ಕ್ಯಾನ್ ಕೆಲಸವೂ ಅದರ ಒಳಗೆ ಮುಗಿದರೆ ಚಂದ. ಆಟಿ ತಿಂಗಳ ಮಳೆಯಲ್ಲಿ ಆಲ್ಬಮ್ ಬಿಚ್ಚಿದರೆ ಫೋಟೋ ತೇವ ಹೀರುತ್ತದೆ, ಒಂದಕ್ಕೊಂದು ಅಂಟುತ್ತದೆ. ಯಂತ್ರಕ್ಕೂ ಮಳೆಗಾಲ ಆಗಿಬರುವುದಿಲ್ಲ. ಗಾಜಿನ ಒಳಮೈಗೆ ಬೂಷ್ಟು ಹಿಡಿದರೆ ಒರೆಸಲು ಬಿಚ್ಚಲೇಬೇಕು. ವಾರಕ್ಕೊಮ್ಮೆಯಾದರೂ ಚಾಲು ಮಾಡಿ, ಕೆಲಸವಿಲ್ಲದಾಗ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಡಿ. ಅಡುಗೆಮನೆಗೆ ತಾಗಿದ ಕೋಣೆ ಬೇಡ, ಬೆಚ್ಚಗಿನ ಯಂತ್ರದೊಳಗೆ ಸಣ್ಣ ಇರುವೆ ಮೊಟ್ಟೆಯಿಡುತ್ತದೆ. ಗಾಜನ್ನು ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಿ, ಗಾಜಿಗೆ ಎಂದೂ ಚಿಮುಕಿಸಬೇಡಿ, ಅಂಚಿನಿಂದ ಒಳಗಿಳಿಯುತ್ತದೆ. ಸಿಡಿಲಿನ ದಿನಗಳಲ್ಲಿ ಕಂಪ್ಯೂಟರಿನ ಪ್ಲಗ್ ಕಿತ್ತರೆ ಸಾಲದು, ಇಂಟರ್ನೆಟ್ ವಯರನ್ನೂ ಕೀಳಿ.

ಫೈಲುಗಳ ಒಂದು ಪ್ರತಿ ಮನೆಯ ಹೊರಗಿರಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದಾಗ ಸಂಪಾಜೆ, ಅರಂತೋಡು ಕಡೆಗೆ ಇಳಿದು ಬಂದವರಲ್ಲಿ ಉಟ್ಟ ಬಟ್ಟೆಯಲ್ಲೇ ಬಂದವರಿದ್ದರು. 2022ರ ಆಗಸ್ಟಿನಲ್ಲಿ ಸುಬ್ರಹ್ಮಣ್ಯ, ಹರಿಹರ ಪಳ್ಳತ್ತಡ್ಕ, ಕಲ್ಲುಗುಂಡಿಯಲ್ಲಿ ಹೊಳೆಯ ನೀರು ಮನೆ, ಅಂಗಡಿಗಳಿಗೆ ನುಗ್ಗಿತು. ಪೆನ್‌ಡ್ರೈವೂ ಕಪಾಟೂ ಒಂದೇ ಮನೆಯಲ್ಲಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಒಂದು ಹಾರ್ಡ್‌ಡಿಸ್ಕ್ ಬೆಂಗಳೂರಿನಲ್ಲಿರುವ ಮಗಳ ಮನೆಯಲ್ಲೋ ಮಂಗಳೂರಿನ ತಮ್ಮನ ಹತ್ತಿರವೋ ಇರಲಿ, ಮುಖ್ಯವಾದದ್ದು ಇಂಟರ್ನೆಟ್ಟಿನಲ್ಲೂ ಇರಲಿ. ತಾಲೂಕು ಕಚೇರಿಗಳ ರೆಕಾರ್ಡ್ ರೂಮಿನ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸವನ್ನು ಕರ್ನಾಟಕ ಸರಕಾರ 2024ರಲ್ಲಿ ಕೈಗೆತ್ತಿಕೊಂಡಿದೆ. ಒಳ್ಳೆಯ ಕೆಲಸ. ಆದರೆ ಅಲ್ಲಿ ಉಳಿಯುವುದು ಕಚೇರಿಯ ಕಡತ. ನಿಮ್ಮ ಪಾಲುಪಟ್ಟಿಯ ಕರಡು, ಅಜ್ಜನ ಕೈಬರಹದ ಲೆಕ್ಕಪುಸ್ತಕ ಅಲ್ಲಿಲ್ಲ.

ಸ್ಕ್ಯಾನ್ ಆಯಿತೆಂದು ಮೂಲ ಕಾಗದವನ್ನು ಬಿಸಾಡಬೇಡಿ, ಲ್ಯಾಮಿನೇಷನ್ನೂ ಮಾಡಿಸಬೇಡಿ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿನೊಳಗೆ ಇಳಿದರೆ ಮತ್ತೆ ಬಿಡಿಸಲಾಗದು. ಕೋರ್ಟು ಕಚೇರಿಗಳಲ್ಲಿ ಮೂಲದ ಜಾಗಕ್ಕೆ ಸ್ಕ್ಯಾನ್ ಪ್ರತಿ ಬರುವುದಿಲ್ಲ. ಆದರೂ ಮೂಲ ಕಳೆದುಹೋದ ದಿನ ಅದೇ ನಿಮ್ಮನ್ನು ಎತ್ತುವುದು. ನೋಂದಣಿಯಾದ ಕ್ರಯಪತ್ರದ ಹಿಂಬದಿಯಲ್ಲಿ ಉಪನೋಂದಣಿ ಕಚೇರಿಯ ಷರಾ ಇರುತ್ತದೆ: ದಸ್ತಾವೇಜಿನ ನಂಬ್ರ, ಇಸವಿ, ಪುಸ್ತಕ, ಸಂಪುಟ, ಪುಟ. ಇಷ್ಟು ಕೈಯಲ್ಲಿದ್ದರೆ ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು. ಇಲ್ಲದಿದ್ದರೆ ಸರ್ವೆ ನಂಬ್ರ ಹಿಡಿದು ವರ್ಷವರ್ಷದ ಸೂಚಿ ಹುಡುಕಿಸಬೇಕು. ಆದ್ದರಿಂದ ಖಾಲಿಯಂತೆ ಕಂಡರೂ ಪ್ರತಿ ಹಾಳೆಯನ್ನು ಮಗುಚಿ, ಹಿಂಬದಿಯನ್ನೂ ಸ್ಕ್ಯಾನ್ ಮಾಡಿ.